ತಳಕ್ಕೆ ಕವಚ, ನೆತ್ತಿಗೆ ಮಾಡು

ಪೀಠಿಕೆ

ಸಹ್ಯಾದ್ರಿಯ ಪಾದದಲ್ಲಿ, ಸೀತಾನದಿಯ ಸೀಮೆಯಲ್ಲಿ ನೆಲೆಗೊಂಡಿರುವ ಹೆಬ್ರಿಯು ಘಟ್ಟದ ಮೇಲಣ ನಾಡನ್ನೂ ಕೆಳಗಣ ಕರಾವಳಿಯನ್ನೂ ಬೆಸೆಯುವ ಊರು. ಇಲ್ಲಿಂದ ಮುಂದೆ ಸಾಗಿದ ರಸ್ತೆಯು 14 ಕಡುತಿರುವುಗಳನ್ನು ಸುತ್ತಿ ಆಗುಂಬೆಯನ್ನು ಮುಟ್ಟುತ್ತದೆ. ಆಗುಂಬೆಯಲ್ಲಿ ವರ್ಷವೊಂದಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆಯಾಗುತ್ತದೆ. ಹೆದ್ದಾರಿಯನ್ನು ಬಿಟ್ಟು ತೋಟದ ಮನೆಗಳ ಕಡೆಗೆ ಹೊರಳಿದರೆ ದಾರಿಯ ಸ್ವರೂಪವೇ ಬೇರೆ. ಮುರಕಲ್ಲಿನ ಏಣುಗಳು, ಬೇರುಗಳು, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡುಗಳು ಪ್ರತಿ ಹೆಜ್ಜೆಗೂ ಎದುರಾಗುತ್ತವೆ. ಅಂತಹ ದಾರಿಯಲ್ಲಿ ಗೊಬ್ಬರವನ್ನು ಒಯ್ಯುವುದೂ ಅಡಿಕೆಯ ಮೂಟೆಯನ್ನು ತರುವುದೂ ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದೂ ನಾಲ್ಕು ಚಕ್ರಗಳಿಗೂ ಬಲ ದೊರೆಯುವ ಜೀಪಿನಂತಹ ವಾಹನದ ಕೆಲಸ.

ಈ ವಾಹನಕ್ಕೆ ಎರಡು ಕಡೆಯಿಂದ ಅಪಾಯವುಂಟು. ಕೆಳಗಿನಿಂದ ಕಲ್ಲು, ಮೇಲಿನಿಂದ ಮಳೆ. ಗ್ಯಾರೇಜಿನವರು ‘ಚೇಂಬರ್’ ಎಂದು ಕರೆಯುವ ಎಂಜಿನ್ನಿನ ಎಣ್ಣೆತೊಟ್ಟಿಗೆ ಕಲ್ಲು ಬಡಿದು ಬಿರುಕು ಬಿಟ್ಟಿತೆಂದರೆ ಕ್ಷಣಾರ್ಧದಲ್ಲಿ ಎಣ್ಣೆ ಸೋರಿಹೋಗಿ ಎಂಜಿನ್ನು ಕೆಟ್ಟು ನಿಲ್ಲುತ್ತದೆ. ನಡುರಾತ್ರಿಯ ಮಳೆಯಲ್ಲಿ, ಒಳಗೆ ರೋಗಿಯಿರುವಾಗ ಹೀಗಾದರೆ ಅದು ಬರಿಯ ಹಣದ ನಷ್ಟವಲ್ಲ. ಆದುದರಿಂದ ಕಡಿಮೆ ಖರ್ಚಿನಲ್ಲಿ, ಪ್ಲಾಸ್ಟಿಕ್ ಹಲಗೆಯಿಂದ, ವಾಹನದ ತಳಕ್ಕೊಂದು ಕವಚವನ್ನೂ ನೆತ್ತಿಗೊಂದು ಮಾಡನ್ನೂ ಮನೆಯಲ್ಲಿಯೇ ತಯಾರಿಸಿಕೊಳ್ಳುವ ವಿಧಾನವು ತಿಳಿಯತಕ್ಕ ವಿಷಯ. ಅದಕ್ಕಿಂತಲೂ ಮುಖ್ಯವಾಗಿ ತಿಳಿಯತಕ್ಕುದು, ಆ ಹಲಗೆಯು ಯಾವುದನ್ನು ಕಾಯಬಲ್ಲುದು, ಯಾವುದನ್ನು ಕಾಯಲಾರದು ಎಂಬುದು.

ಪೂರ್ವಿಕರ ಕಾಪು

‘ಕವಚ’ವು ಸಂಸ್ಕೃತದಿಂದ ಬಂದ ಪದ. ‘ಕಾಪು’ ಎಂಬುದು ‘ಕಾಯ್’ ಧಾತುವಿನ ಬಳಗಕ್ಕೆ ಸೇರಿದ ಅಚ್ಚಗನ್ನಡದ ನುಡಿ. ಇನ್ನು ‘ಮಾಡು’ ಎಂದರೆ ಕರಾವಳಿಯ ಆಡುಮಾತಿನಲ್ಲಿ ಮನೆಯ ಛಾವಣಿ. ಪದಗಳು ಹಳೆಯವಾದಂತೆ ಅವು ಸೂಚಿಸುವ ವಿದ್ಯೆಯೂ ಹಳೆಯದೇ. ನೇಜಿ ನೆಡುವ ಹೆಂಗಸರು ಬೆನ್ನಿಗೆ ಹೊದ್ದ ಗೊರಬೆ ಹಗುರವಾದ ಮಾಡಲ್ಲದೆ ಮತ್ತೇನು? ಅಡಿಕೆಯ ಹಾಳೆಯನ್ನು ಮಡಿಸಿ ಮಾಡಿದ ಮುಟ್ಟಾಳೆಯು ತಲೆಯನ್ನು ಕಾಯುತ್ತಿತ್ತು. ಎರಡರಲ್ಲಿಯೂ ಒಂದು ನಿಯಮವಿದೆ: ತೆಳುವಾದ ವಸ್ತುವು ಬಾಗಿದಾಗ ಬಲವಾಗುತ್ತದೆ, ಬಾಗಿದ ಮೈಯ ಮೇಲೆ ನೀರು ನಿಲ್ಲುವುದಿಲ್ಲ.

ತಳದ ಕವಚಕ್ಕೂ ಕನ್ನಡ ನಾಡಿನಲ್ಲಿ ಉತ್ತಮವಾದ ನಿದರ್ಶನವಿದೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಆನೆಗೊಂದಿಯ ಬಳಿ ಜನರು ಹೊಳೆ ದಾಟುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಇದೇ ಹರಿಗೋಲು. ತುಂಗಭದ್ರೆಯ ಹರಿಗೋಲುಗಳಿಗೆ ಇಂದು ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರನ್ನು ಬಳಿಯುತ್ತಾರೆ. ವಸ್ತು ಬದಲಾಯಿತು, ತತ್ತ್ವ ಉಳಿಯಿತು. ಭಾರವನ್ನು ಹೊರುವುದು ಬಿದಿರಿನ ಹಂದರ, ಹೊದಿಕೆಯದು ತಡೆಯುವ ಕೆಲಸ ಮಾತ್ರ. ಮುಂದೆ ಹೇಳುವ ವಿಷಯಕ್ಕೆಲ್ಲ ಈ ಮಾತೇ ಅಡಿಗಲ್ಲು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗಾಗಿ ರೂಪುಗೊಂಡ ವಿಲ್ಲೀಸ್ ಜೀಪಿಗೆ ಗೇರುಪೆಟ್ಟಿಗೆಯ ಕೆಳಭಾಗದಲ್ಲಿ ಉಕ್ಕಿನ ತಟ್ಟೆಯೂ ಮೇಲ್ಗಡೆ ಕ್ಯಾನ್ವಾಸಿನ ಹುಡ್ಡೂ ಇದ್ದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಸಂಸ್ಥೆಯು ಈ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಕ್ರಮೇಣ ಇದೇ ಬಗೆಯ ವಾಹನಗಳು ಮಲೆನಾಡಿನ ತೋಟಗಳಿಗೂ ಕೊಡಚಾದ್ರಿಯಂತಹ ಕಡಿದಾದ ಮಣ್ಣುದಾರಿಗಳಿಗೂ ಬಂದವು. ಆದರೆ ಎಡೆಬಿಡದ ಮಳೆಗೆ ಉಕ್ಕು ತುಕ್ಕು ಹಿಡಿಯುತ್ತದೆ, ಕ್ಯಾನ್ವಾಸು ಕೊಳೆಯುತ್ತದೆ. ಪ್ಲಾಸ್ಟಿಕ್ಕಿಗೆ ಎಡೆ ದೊರೆತದ್ದು ಇಲ್ಲಿ.

ವಸ್ತುವಿನ ಗುಣದೋಷ

ಪ್ಲಾಸ್ಟಿಕ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಲದ ಹೆಸರು. ಇಲ್ಲಿ ಬೇಕಾದುದು ಪಾಲಿಥೀನು. ಅದು 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಅನಿರೀಕ್ಷಿತವಾಗಿ ದೊರಕಿತು. 1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರರು ಕಡಿಮೆ ಒತ್ತಡದಲ್ಲಿಯೇ ಅದನ್ನು ಹೆಚ್ಚು ಸಾಂದ್ರವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದರು. 1963ರಲ್ಲಿ ಅವರಿಗೂ ಇಟಲಿಯ ನಟ್ಟಾ ಅವರಿಗೂ ನೊಬೆಲ್ ಪಾರಿತೋಷಕ ಸಂದಿತು. ಈ ಸಾಂದ್ರ ಪಾಲಿಥೀನನ್ನೇ ಎಚ್.ಡಿ.ಪಿ.ಇ. ಎನ್ನುವುದು. ನೀರು ತುಂಬಿಡುವ ನೀಲಿ ಡ್ರಮ್ಮು, ತರಕಾರಿ ಹೆಚ್ಚುವ ಬಿಳಿಯ ಮಣೆ ಸಾಮಾನ್ಯವಾಗಿ ಇದರಿಂದ ಆದವು.

ಇದರ ಗುಣಗಳು ಮೂರು. ಮೊದಲನೆಯದು ಲಘುತ್ವ. ಒಂದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಹಲಗೆಯು ಸುಮಾರು 7 ಕಿಲೋಗ್ರಾಂ ತೂಗುತ್ತದೆ. ಅಷ್ಟೇ ಉದ್ದಗಲದ 4 ಮಿಲಿಮೀಟರ್ ಉಕ್ಕಿನ ತಟ್ಟೆಯ ತೂಕ ಸುಮಾರು 19 ಕಿಲೋಗ್ರಾಂ. ಎರಡನೆಯದು ನುಣುಪು. ಉಕ್ಕು ಕಲ್ಲನ್ನು ಕಚ್ಚಿ ನಿಂತರೆ ಪಾಲಿಥೀನು ಅದರ ಮೇಲೆ ಜಾರಿ ಮುಂದೆ ಹೋಗುತ್ತದೆ. ಮೂರನೆಯದು, ತುಕ್ಕಿಲ್ಲದಿರುವುದು.

ದೋಷಗಳೂ ಮೂರು. ಅದರ ಬಿಗುವು ಉಕ್ಕಿನ ಬಿಗುವಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ, ಆಧಾರವಿಲ್ಲದಿದ್ದರೆ ಬಾಗುತ್ತದೆ. ಅದು ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ, ಸೈಲೆನ್ಸರಿನ ಕೊಳವೆಯ ಬಿಸಿಯಾದರೋ ಎಂಜಿನ್ನಿನ ಬಳಿ ಇದಕ್ಕಿಂತ ಬಹಳ ಹೆಚ್ಚು. ಬಿಸಿಲಿಗೆ ಹಿಗ್ಗುವುದರಲ್ಲಿ ಅದು ಉಕ್ಕಿಗಿಂತ ಹತ್ತು ಪಟ್ಟಿಗೂ ಮುಂದು. ಎರಡು ಮೀಟರ್ ಉದ್ದದ ಹಲಗೆಯು 30 ಡಿಗ್ರಿ ಬಿಸಿಯೇರಿದರೆ ಸುಮಾರು 9 ಮಿಲಿಮೀಟರ್ ಬೆಳೆಯುತ್ತದೆ, ಉಕ್ಕು ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಈ ಮೂರು ದೋಷಗಳನ್ನು ಮರೆತು ಮಾಡಿದ ಕವಚವು ಬಹುಕಾಲ ಬಾಳದು.

ತಳದ ಕವಚವನ್ನು ಮಾಡುವ ಕ್ರಮ

ಮೊದಲು ವಾಹನವನ್ನು ಸಮನೆಲದಲ್ಲಿ ಭದ್ರವಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬಾರದು. ಚೇಂಬರು, ಗೇರುಪೆಟ್ಟಿಗೆ, ಸೈಲೆನ್ಸರಿನ ಕೊಳವೆ ಇವುಗಳ ಸ್ಥಾನವನ್ನು ಗುರುತಿಸಿ ರಟ್ಟಿನಲ್ಲಿ ಮಾದರಿಯನ್ನು ಕತ್ತರಿಸಿಕೊಳ್ಳಬೇಕು. ರಟ್ಟಿನಲ್ಲಿ ಆದ ತಪ್ಪಿಗೆ ಬೆಲೆಯಿಲ್ಲ, ಹಲಗೆಯಲ್ಲಿ ಆದ ತಪ್ಪಿಗೆ ಉಂಟು. ಅನಂತರ 10ರಿಂದ 12 ಮಿಲಿಮೀಟರ್ ದಪ್ಪದ ಹಲಗೆಯನ್ನು ದೊಡ್ಡ ಹಲ್ಲಿನ ಗರಗಸದಿಂದ ನಿಧಾನವಾಗಿ ಕೊಯ್ಯಬೇಕು. ಅವಸರಪಟ್ಟರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ಕು ಗರಗಸವನ್ನೇ ಹಿಡಿದುಕೊಳ್ಳುತ್ತದೆ.

ಮುಂದಿನ ಅಂಚನ್ನು ಮೇಲಕ್ಕೆ ಬಾಗಿಸುವುದು ಅವಶ್ಯ. ಇಲ್ಲವಾದರೆ ಕಲ್ಲು ಅಂಚಿಗೆ ಸಿಕ್ಕಿ ಹಲಗೆಯನ್ನೇ ಕಿತ್ತೀತು. ಬಾಗಬೇಕಾದ ಗೆರೆಯ ಒಳಮೈಯಲ್ಲಿ ಸಣ್ಣ ಕಚ್ಚು ಮಾಡಿ, ಬಿಸಿಗಾಳಿಯ ಯಂತ್ರದಿಂದ ಎರಡೂ ಮೈಗಳನ್ನು ಸಮವಾಗಿ ಕಾಯಿಸಿ, ಮೆದುವಾದೊಡನೆ ಮಣಿಸಿ, ಪೂರ್ತಿ ತಣಿಯುವವರೆಗೆ ಒತ್ತಿ ಹಿಡಿಯಬೇಕು. ಬೆಂಕಿಯ ಜ್ವಾಲೆಯನ್ನು ನೇರವಾಗಿ ತಾಗಿಸಬಾರದು. ಈ ಕೆಲಸವು ಬಯಲಿನಲ್ಲಿಯೇ ಆಗಬೇಕು.

ಪಾಲಿಥೀನಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಬೋಲ್ಟು ನಟ್ಟುಗಳೇ ಗತಿ. ಚಾಸಿಯ ಎರಡು ತೊಲೆಗಳ ನಡುವೆ ಉಕ್ಕಿನ ಅಡ್ಡಪಟ್ಟಿಗಳನ್ನು ಬಿಗಿದು, ಹಲಗೆಯನ್ನು ಅವುಗಳಿಗೆ ತೊಡಿಸಬೇಕು. ಹರಿಗೋಲಿನ ಬಿದಿರಿನ ಪಾತ್ರವನ್ನು ಇಲ್ಲಿ ಈ ಪಟ್ಟಿಗಳು ವಹಿಸುತ್ತವೆ. ರಂಧ್ರಗಳನ್ನು ದುಂಡಗೆ ಕೊರೆಯದೆ ಉದ್ದುದ್ದವಾಗಿ ಕೊರೆದು ಅಗಲವಾದ ವಾಷರುಗಳನ್ನು ಹಾಕಿದರೆ ಹಲಗೆಯು ಹಿಗ್ಗಿ ಕುಗ್ಗಲು ಎಡೆಯಾಗುತ್ತದೆ. ಬೋಲ್ಟಿನ ತಲೆಯು ಹಲಗೆಯ ಮೈಯೊಳಗೆ ಅಡಗಿರಬೇಕು. ಹಳೆಯ ಎಣ್ಣೆಯನ್ನು ಇಳಿಸಲು ಒಂದು ಕಿಂಡಿಯನ್ನೂ ಕೆಸರು ನೀರು ಹರಿದುಹೋಗಲು ಕೆಲವು ರಂಧ್ರಗಳನ್ನೂ ಬಿಡಬೇಕು. ಸೈಲೆನ್ಸರು ಹಾಯುವ ಕಡೆ ಪ್ಲಾಸ್ಟಿಕ್ಕನ್ನು ಕತ್ತರಿಸಿ ತೆಗೆದು, ಅಲ್ಲಿಗೆ ಲೋಹದ ತಟ್ಟೆಯನ್ನೇ ಉಳಿಸಬೇಕು. ಚೇಂಬರಿಗೂ ಹಲಗೆಗೂ ನಡುವೆ ಅಂತರವಿರಲೇಬೇಕು. ಹಲಗೆ ಬಾಗಿದರೂ ಪೆಟ್ಟು ಚೇಂಬರನ್ನು ಮುಟ್ಟಬಾರದಷ್ಟೆ.

ನೆತ್ತಿಯ ಮಾಡು

ಮಾಡಿಗೆ ದಪ್ಪ ಹಲಗೆ ಬೇಡ. 4ರಿಂದ 6 ಮಿಲಿಮೀಟರಿನ ಕರಿಯ ಹಾಳೆ ಸಾಕು. ಕರಿಯದೇ ಏಕೆಂದರೆ, ಅದರಲ್ಲಿ ಬೆರೆತ ಇಂಗಾಲದ ಕಪ್ಪು ಬಿಸಿಲಿನ ನೇರಳಾತೀತ ಕಿರಣಗಳಿಂದ ಪ್ಲಾಸ್ಟಿಕ್ಕನ್ನು ಕಾಪಾಡುತ್ತದೆ. ಖರ್ಚನ್ನು ತಗ್ಗಿಸಲು ಹಳೆಯ ನೀಲಿ ಡ್ರಮ್ಮನ್ನು ಸೀಳಿ ಬಳಸುವುದೂ ಸಾಧ್ಯ. 200 ಲೀಟರಿನ ಡ್ರಮ್ಮಿನ ಸುತ್ತಳತೆ ಸುಮಾರು 1.8 ಮೀಟರ್, ಅದರ ಸಹಜವಾದ ಬಾಗೇ ಮಾಡಿನ ಕಮಾನಿಗೆ ಒದಗುತ್ತದೆ. ಕೊಳವೆಗಳ ಚೌಕಟ್ಟಿನ ಮೇಲೆ ನಡುವೆ ತುಸು ಎತ್ತರಿಸಿ ಹಾಳೆಯನ್ನು ಹಾಸಿ, ರಬ್ಬರಿನ ಬುಷ್ಷುಗಳ ಮೇಲೆ ಬೋಲ್ಟುಗಳನ್ನು ಕೂರಿಸಬೇಕು. ಸೂರಿನಂತೆ ಅಂಚನ್ನು ಕೆಳಕ್ಕೆ ಇಳಿಬಿಟ್ಟರೆ ನೀರು ಒಳಗೆ ಹಣಿಯದು. ಬೆಳಕು ಬೇಕೆನ್ನುವವರು ಪಾಲಿಕಾರ್ಬೊನೇಟನ್ನು ಆರಿಸಬಹುದು, ಅಕ್ರಿಲಿಕ್ಕು ಪೆಟ್ಟಿಗೆ ಚೂರಾಗುವುದರಿಂದ ಸಲ್ಲದು.

ಎಚ್ಚರಿಕೆಗಳು

ಮೊದಲನೆಯದಾಗಿ, ಪ್ಲಾಸ್ಟಿಕ್ಕಿನ ಮಾಡು ಮಳೆಯನ್ನೂ ಬಿಸಿಲನ್ನೂ ತಡೆಯುತ್ತದೆಯೇ ಹೊರತು ಉರುಳಿದ ವಾಹನದ ಭಾರವನ್ನು ತಡೆಯದು. ಜೀವವನ್ನು ಉಳಿಸುವುದು ಚಾಸಿಗೆ ಬಿಗಿದ ಉಕ್ಕಿನ ಪಂಜರ ಮತ್ತು ಸೊಂಟದ ಪಟ್ಟಿ. ಮೇಲೆ ಗಟ್ಟಿಯಾದ ಹೊದಿಕೆ ಕಂಡೊಡನೆ ಧೈರ್ಯಗೊಂಡು ಅಂಚಿನ ದಾರಿಗೆ ವಾಹನವನ್ನು ನುಗ್ಗಿಸುವವನಿಗೆ ಆ ಮಾಡು ಕಾಪಲ್ಲ, ವಂಚನೆ.

ಎರಡನೆಯದಾಗಿ, ಹಳೆಯ ಡ್ರಮ್ಮಿನಲ್ಲಿ ಹಿಂದೆ ಏನಿತ್ತೆಂದು ತಿಳಿಯದೆ ಅದನ್ನು ಕೊಯ್ಯಬಾರದು. ಉರಿಯುವ ದ್ರವದ ಆವಿ ಉಳಿದಿದ್ದರೆ ಒಂದು ಕಿಡಿಗೆ ಸಿಡಿದೀತು, ಕೀಟನಾಶಕವಿದ್ದರೆ ಉಸಿರಿಗೆ ವಿಷ. ಗೊತ್ತಿಲ್ಲದ ಡ್ರಮ್ಮನ್ನು ಮುಟ್ಟದಿರುವುದೇ ಜಾಣತನ.

ಮೂರನೆಯದಾಗಿ, 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆದುದರಿಂದ ಮಾಡನ್ನು ಬದಲಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಯುಕ್ತ.

ನಾಲ್ಕನೆಯದಾಗಿ, ಕವಚವಿದೆಯೆಂದು ಕಾಡಿನಲ್ಲಿಯೂ ಹೊಳೆಯ ಪಾತ್ರದಲ್ಲಿಯೂ ಓಡಾಡುವ ಹಕ್ಕು ಹುಟ್ಟುವುದಿಲ್ಲ. ಹೆಬ್ರಿಯ ಮಗ್ಗುಲಲ್ಲಿಯೇ ಸೋಮೇಶ್ವರ ವನ್ಯಜೀವಿಧಾಮವಿದೆ. ಅಲ್ಲಿ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಕಲ್ಲಿಗೆ ಉಜ್ಜಿದ ಪ್ಲಾಸ್ಟಿಕ್ಕಿನ ಪುಡಿಯು ತೋಡಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಸೇರುತ್ತದೆ. ಕೊಯ್ದ ಹೊಟ್ಟನ್ನು ಗುಡಿಸಿ ಗುಜರಿಗೆ ಕೊಡಬೇಕು, ಸುಡಬಾರದು.

ತರಗತಿಯಲ್ಲಿ

ಉಪಾಧ್ಯಾಯರು ಈ ಪಾಠವನ್ನು ವಾಹನವಿಲ್ಲದೆಯೂ ಕಲಿಸಬಹುದು. ಒಂದು ರಟ್ಟಿನ ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಚಪ್ಪಟೆಯಾಗಿಟ್ಟು ನಾಣ್ಯಗಳನ್ನು ಹೇರಿದರೆ ಕುಸಿಯುತ್ತದೆ. ಅದನ್ನೇ ಕಮಾನಾಗಿಸಿ ಬದಿಗಳನ್ನು ಪುಸ್ತಕಗಳಿಗೆ ಆನಿಸಿದರೆ ಹೆಚ್ಚು ನಾಣ್ಯಗಳನ್ನು ಹೊರುತ್ತದೆ. ಹಿಗ್ಗುವಿಕೆಯ ಲೆಕ್ಕವು ಭೌತಶಾಸ್ತ್ರಕ್ಕೂ ತೂಕದ ಲೆಕ್ಕವು ಗಣಿತಕ್ಕೂ ಕಾಪು, ಮಾಡು, ಸೂರು ಎಂಬ ಪದಗಳು ಭಾಷಾಪಾಠಕ್ಕೂ ಒದಗುತ್ತವೆ.

ಉಪಸಂಹಾರ

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನು ದೋಣಿಯ ಕಾಯಕದವನು, ಮೇದರ ಕೇತಯ್ಯನು ಬಿದಿರಿನ ಕಾಯಕದವನು. ಒಬ್ಬನಿಗೆ ತಳದ ಭದ್ರತೆ ಗೊತ್ತು, ಮತ್ತೊಬ್ಬನಿಗೆ ಹೆಣಿಗೆಯ ಬಲ ಗೊತ್ತು. ಕೈಕೆಲಸವನ್ನು ಕೀಳೆಂದು ಎಣಿಸದ ಆ ಪರಂಪರೆಯು ಅರಿವನ್ನೂ ಆಚಾರವನ್ನೂ ಬೇರೆ ಮಾಡಲಿಲ್ಲ. ಗ್ಯಾರೇಜಿನಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗೂ, ತೋಟದ ಮನೆಯಲ್ಲಿ ತನ್ನ ಜೀಪನ್ನು ತಾನೇ ರಿಪೇರಿ ಮಾಡಿಕೊಳ್ಳುವ ಕೃಷಿಕನಿಗೂ ಸಲ್ಲುವ ಮಾತಿದು. ಹಲಗೆಯನ್ನು ಕೊಯ್ಯಲು ಗರಗಸ ಸಾಕು. ಅದು ಎಲ್ಲಿಯವರೆಗೆ ಕಾಯಬಲ್ಲುದೆಂಬುದನ್ನು ಅಳೆಯಲು ಅರಿವು ಬೇಕು. ಆ ಅರಿವಿದ್ದಲ್ಲಿ ಹಳೆಯ ಡ್ರಮ್ಮಿನ ತುಂಡೂ ಕವಚವಾಗುತ್ತದೆ.