ದೂರದ ಗೆಲಾಕ್ಸಿಗಳ ಉಗ್ರಾಣ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುವ ಖಾದಿ ಕೇಂದ್ರವಿದೆ. ಉಗ್ರಾಣದಲ್ಲಿ ಎಷ್ಟು ಬಟ್ಟೆಯಿದೆ, ದಿನಕ್ಕೆ ಎಷ್ಟು ವೆಚ್ಚವಾಗುತ್ತದೆ ಎಂಬುದು ತಿಳಿದರೆ, ಹೊಸ ಸರಕು ಬಾರದಿದ್ದಲ್ಲಿ ಹೊಲಿಗೆಯ ಕೆಲಸ ಎಷ್ಟು ದಿನ ನಡೆದೀತೆಂದು ಲೆಕ್ಕ ಹಾಕಬಹುದು. ನಕ್ಷತ್ರಗಳು ಹುಟ್ಟುತ್ತಿರುವ ಗೆಲಾಕ್ಸಿಗಳನ್ನು ಕುರಿತು ಖಗೋಳ ವಿಜ್ಞಾನಿಗಳು ಕೇಳುವುದೂ ಇದೇ ಪ್ರಶ್ನೆಯನ್ನು. ಅಲ್ಲಿಯ ಸರಕೆಂದರೆ ಅನಿಲ ಮತ್ತು ಧೂಳು.

ಧೂಳಿನ ಪಾಲು ಅಲ್ಪ. ನಮ್ಮ ಆಕಾಶಗಂಗೆಯಲ್ಲಿ ಅದು ಅನಿಲದ ನೂರರಲ್ಲೊಂದು ಪಾಲಿನಷ್ಟು ಮಾತ್ರ. ಆದರೂ ಅದು ಎಳೆಯ ನಕ್ಷತ್ರಗಳ ಬೆಳಕನ್ನು ಹೀರಿ, ಬೆಚ್ಚಗಾಗಿ, ಅವಕೆಂಪು ಕಿರಣಗಳನ್ನು ಸೂಸುತ್ತದೆ. ಆ ಕಿರಣಗಳ ಪ್ರಮಾಣದಿಂದ ಧೂಳನ್ನೂ, ಧೂಳಿನಿಂದ ಅನಿಲವನ್ನೂ ಅಂದಾಜು ಮಾಡುತ್ತಾರೆ.

ಅನಿಲವನ್ನು ನೇರವಾಗಿ ಅಳೆಯುವುದು ಕಷ್ಟತರ. ಅದರಲ್ಲಿ ಹೆಚ್ಚಿನದು ಜಲಜನಕ. ಜಲಜನಕದ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೋ ತರಂಗವನ್ನು ಹೊರಸೂಸಬಲ್ಲದು. ಇದನ್ನು ವಾನ್ ಡೆ ಹುಲ್ಸ್ಟ್ 1944ರಲ್ಲಿ ಊಹಿಸಿದನು. 1951ರಲ್ಲಿ ಅದು ಪತ್ತೆಯಾಯಿತು. ಆದರೆ ಒಂದು ಪರಮಾಣು ಹೀಗೆ ಸೂಸಬೇಕಾದರೆ ಸರಾಸರಿ ಒಂದು ಕೋಟಿ ವರ್ಷ ಹಿಡಿಯುತ್ತದೆ. ಅಷ್ಟು ಕಾಯುವ ತಾಳ್ಮೆ ಯಾರಿಗಿದ್ದೀತು! ಪರಮಾಣುಗಳು ಅಸಂಖ್ಯವಾಗಿರುವುದರಿಂದಲೇ ಈ ಕ್ಷೀಣ ಸಂಕೇತ ದೊರೆಯುತ್ತದೆ. ಅದರ ಬಲದಿಂದ ಅನಿಲದ ದ್ರವ್ಯರಾಶಿ ತಿಳಿಯುತ್ತದೆ. ದೂರದಿಂದ ಬರುವಷ್ಟರಲ್ಲಿ ವಿಶ್ವದ ವಿಸ್ತರಣೆಯಿಂದಾಗಿ ತರಂಗವು ಹಿಗ್ಗಿರುತ್ತದೆ.

ಪುಣೆ ಜಿಲ್ಲೆಯ ಖೋಡದದಲ್ಲಿ 45 ಮೀಟರ್ ವ್ಯಾಸದ 30 ತಟ್ಟೆಗಳುಳ್ಳ ಬೃಹತ್ ರೇಡಿಯೋ ದೂರದರ್ಶಕವಿದೆ. ಪುಣೆಯ ರೇಡಿಯೋ ಖಗೋಳ ಕೇಂದ್ರದ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರ ನೆರವಿನಿಂದ 7,653 ಗೆಲಾಕ್ಸಿಗಳ ಸಂಕೇತಗಳನ್ನು ಒಂದರ ಮೇಲೊಂದು ಕೂಡಿಸಿದರು. ಸಂತೆಯ ಗದ್ದಲದಲ್ಲಿ ಒಬ್ಬನ ಪಿಸುಮಾತು ಕೇಳಿಸದು. ಏಳು ಸಾವಿರ ಜನ ಒಂದೇ ಮಾತನ್ನು ಒಟ್ಟಿಗೆ ಪಿಸುಗುಟ್ಟಿದರೆ ಕೇಳಿಸೀತು. ಫಲಿತಾಂಶವು 2020ರಲ್ಲಿ ಪ್ರಕಟವಾಯಿತು. ಸುಮಾರು 800 ಕೋಟಿ ವರ್ಷಗಳ ಹಿಂದಿನ ಆ ಗೆಲಾಕ್ಸಿಗಳಲ್ಲಿ ಅನಿಲವು ಹೇರಳವಾಗಿತ್ತು. ಆದರೆ ನಕ್ಷತ್ರಗಳು ಹುಟ್ಟುತ್ತಿದ್ದ ವೇಗಕ್ಕೆ ಅದು 100ರಿಂದ 200 ಕೋಟಿ ವರ್ಷಗಳಿಗಷ್ಟೇ ಸಾಲುತ್ತಿತ್ತು. ಇಂದು ನಕ್ಷತ್ರಗಳ ಜನನವು ಹಿಂದಿನ ಉತ್ಕರ್ಷ ಕಾಲದ ಹತ್ತರಲ್ಲೊಂದು ಪಾಲಿಗೆ ಇಳಿದಿರುವುದೇಕೆಂಬ ಬಹುಕಾಲದ ಪ್ರಶ್ನೆಗೆ ಇಲ್ಲಿ ಉತ್ತರ ಹೊಳೆಯಿತು: ಹೊರಗಿನಿಂದ ಸಾಕಷ್ಟು ಹೊಸ ಅನಿಲ ಬಂದು ಸೇರದೆ ಉಗ್ರಾಣ ಬರಿದಾಗುತ್ತ ಬಂದಿತ್ತು.

ಕೂಡಿಸಿದ ಲೆಕ್ಕದಿಂದ ಸರಾಸರಿಯಷ್ಟೇ ತಿಳಿಯುತ್ತದೆ. ಇಷ್ಟು ದೂರದ ಒಂದೇ ಗೆಲಾಕ್ಸಿಯ ದನಿಯನ್ನು ಕೇಳಲಾದೀತೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಹಾಗೂ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ ಇದನ್ನು ಸಾಧಿಸಿದ ವರದಿ 2023ರಲ್ಲಿ ಹೊರಬಂದಿತು. ಅವರಿಗೆ ನೆರವಾದುದು ಪ್ರಕೃತಿಯೇ. ನಡುವೆ ಇದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವವು ಮಸೂರದಂತೆ ವರ್ತಿಸಿ ಸಂಕೇತವನ್ನು ಸುಮಾರು 30 ಪಟ್ಟು ಹಿಗ್ಗಿಸಿತ್ತು. 880 ಕೋಟಿ ವರ್ಷ ಪಯಣಿಸಿ ಬಂದ ತರಂಗದ ಉದ್ದ 21ರಿಂದ 48 ಸೆಂಟಿಮೀಟರಿಗೆ ಏರಿತ್ತು. ಆ ಗೆಲಾಕ್ಸಿಯಲ್ಲಿದ್ದ ಪರಮಾಣು ರೂಪದ ಅನಿಲವು ಅದರ ನಕ್ಷತ್ರಗಳೆಲ್ಲದರ ದ್ರವ್ಯರಾಶಿಗಿಂತ ಸುಮಾರು ಎರಡು ಪಟ್ಟು ಇತ್ತು.