ಮೋಲ್ಡ್ ಹಾಕುವ ಮುನ್ನ: ಮೇಸ್ತ್ರಿಗಳಿಗೆ ಏಳು ಸೂತ್ರ

ಹೆಲ್ಮೆಟ್ ಹಂಚಿದರೆ ಸುರಕ್ಷತೆ ಮುಗಿಯಿತು ಎಂದುಕೊಂಡವರು ಬಹಳ. ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಎಂದು ಬೆಳಗ್ಗೆ ಮೇಸ್ತ್ರಿ ಮಾಡುವ ಹಂಚಿಕೆಯಲ್ಲೇ ಎಷ್ಟೋ ಅಪಘಾತ ತಪ್ಪುತ್ತದೆ.

1. ಮೋಲ್ಡ್ ದಿನ ಎರಡು ತಂಡ ಕರೆಸಿ. ಕಾಂಕ್ರೀಟ್ ಶುರುವಾದರೆ ಮಧ್ಯೆ ನಿಲ್ಲಿಸುವಂತಿಲ್ಲ. ಹಾಗಾಗಿ ಬೆಳಗ್ಗೆ ಬಂದವರೇ ರಾತ್ರಿ ಲೈಟ್ ಹಾಕಿಕೊಂಡು ದುಡಿಯುತ್ತಾರೆ. ಕೊನೆಯ ಹೊತ್ತಿನಲ್ಲಿ ಗಮನಿಸಿ: ವೈಬ್ರೇಟರ್ ಹಿಡಿದವನ ಕೈ ನಡುಗುತ್ತಿರುತ್ತದೆ, ಬಾಣಲಿ ದಾಟಿಸುವ ಹೆಂಗಸು ಅಂಚು ನೋಡದೆ ಹೆಜ್ಜೆ ಇಡುತ್ತಾಳೆ. ಹೆಚ್ಚುವರಿ ಹೊತ್ತಿಗೆ ಕಾನೂನಿನಂತೆ ದುಪ್ಪಟ್ಟು ಕೂಲಿ ಕೊಡಬೇಕು. ಆ ದುಡ್ಡಿಗೆ ಎರಡನೇ ತಂಡವೇ ಬರುತ್ತದೆ.

2. ಪಾಯದ ಗುಂಡಿಯನ್ನು ನಂಬಬೇಡಿ. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಎದೆಮಟ್ಟ ಹೂತವನಿಗೂ ಉಸಿರಾಡಲಾಗದು. ಆಳ 1.5 ಮೀಟರ್ ದಾಟಿದರೆ ಬದಿಗಳಿಗೆ ಹಲಗೆ ಹಾಕಿ ಆನಿಕೆ ಕೊಡಿ. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ರಾತ್ರಿ ಮಳೆ ಬಿದ್ದಿದ್ದರೆ ಬಿರುಕು ಇದೆಯೇ ಎಂದು ಮೊದಲು ನೀವು ನೋಡಿ, ಆಮೇಲೆ ಆಳು ಇಳಿಸಿ.

3. ಸಾರವೆಯ ಕಟ್ಟುಗಳನ್ನು ದಿನಾ ಎಳೆದು ನೋಡಿ. ಒಂಟಿ ಹಲಗೆಯ ಮೇಲೆ ಯಾರನ್ನೂ ನಿಲ್ಲಿಸಬೇಡಿ.

4. ಸೆಂಟ್ರಿಂಗ್ ಬಿಚ್ಚಲು ಆತುರ ಬೇಡ. ಮುಂದಿನ ಸೈಟಿಗೆ ಜಾಕಿ ಬೇಕು, ಬಾಡಿಗೆ ಏರುತ್ತಿದೆ, ನಿಜ. ಆದರೆ ಸಾಮಾನ್ಯ ಸಿಮೆಂಟಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುವುದು ಸ್ಪಷ್ಟ: 4.5 ಮೀಟರ್ ವರೆಗಿನ ಸ್ಲ್ಯಾಬಿನ ಆಧಾರಗಳು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, 6 ಮೀಟರ್ ಮೀರಿದ ಬೀಮಿಗೆ 21 ದಿನ.

5. ಮಾಲೀಕರು ಎಷ್ಟೇ ಒತ್ತಾಯಿಸಲಿ, ನಕ್ಷೆಯಲ್ಲಿಲ್ಲದ ಮಹಡಿ ಏರಿಸಬೇಡಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಎಬ್ಬಿಸುತ್ತಿದ್ದ ಕಟ್ಟಡ ಕುಸಿಯಿತು. ಸತ್ತವರು ಮಹಡಿ ಕೇಳಿದವರಲ್ಲ, ಒಳಗೆ ದುಡಿಯುತ್ತಿದ್ದ ಕೂಲಿಕಾರರು.

6. ಒಡಿಶಾ, ಬಿಹಾರದ ಹುಡುಗರಿಗೆ ಕನ್ನಡದಲ್ಲಿ ಗದರಿದರೆ ಪ್ರಯೋಜನವಿಲ್ಲ. ನಿಲ್ಲು, ಇಳಿಸು, ದೂರ ಸರಿ ಎಂಬ ಮೂರು ಕೈಸನ್ನೆ ಮೊದಲ ದಿನವೇ ಕಲಿಸಿ.

7. ಲೇಬರ್ ಕಾರ್ಡ್ ಮಾಡಿಸಿಕೊಡಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತ ಪರಿಹಾರ, ಹೆರಿಗೆ ನೆರವು, ಪಿಂಚಣಿ ಎಲ್ಲಕ್ಕೂ ಅದೇ ದಾರಿ. ಯಾದಗಿರಿ, ರಾಯಚೂರಿನಿಂದ ಬಂದು ಸೈಟಿನಿಂದ ಸೈಟಿಗೆ ಅಲೆಯುವವರು ಆ 90 ದಿನದ ಲೆಕ್ಕ ತೋರಿಸಲಾಗದೆ ಸೋಲುತ್ತಾರೆ. ಶನಿವಾರ ಬಟವಾಡೆ ಮಾಡುವಾಗ ಹಾಜರಿಯನ್ನೂ ಬರೆದು ಸಹಿ ಹಾಕಿ ಅವರ ಕೈಗೆ ಕೊಡಿ.