ದತ್ತು ಮಗು ಮತ್ತು ತಾಯ್ತಂದೆಯರ ನಂಟು

ದತ್ತಕವಾಗಿ ಮನೆಗೆ ಬಂದ ಎರಡು ವರ್ಷದ ಮಗು ಅಳದೆ, ಹಟ ಮಾಡದೆ, ಕರೆದವರೆಲ್ಲರ ತೋಳಿಗೂ ನಗುತ್ತ ಹೋದರೆ ‘ಎಷ್ಟು ಬೇಗ ಹೊಂದಿಕೊಂಡಿತು’ ಎಂದು ಬಂಧುಗಳು ಸಂತೋಷಪಡುವುದುಂಟು. ವೈದ್ಯರಾದ ನಾವು ಇದನ್ನು ತುಸು ಬೇರೆಯಾಗಿ ಕಾಣುತ್ತೇವೆ. ಪಾಳಿಯಂತೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಶಿಶುವಿಗೆ ‘ನನ್ನವರು’, ‘ಪರರು’ ಎಂಬ ಭೇದ ಇನ್ನೂ ಮೂಡಿರದಿರಬಹುದು. ಅತ್ತಾಗಲೆಲ್ಲ ಅದೇ ಮುಖ ಮರಳಿ ಬರುತ್ತದೆಂಬ ಅನುಭವದಿಂದ ಆ ಭೇದ ಹುಟ್ಟುತ್ತದೆ. ಕೆಲವು ವಾರಗಳ ಬಳಿಕ ತಾಯಿ ಮರೆಯಾದೊಡನೆ ಮಗು ಅಳತೊಡಗಿದರೆ ಅದು ಶುಭಸೂಚನೆಯೇ.

1989ರ ನಂತರ ರುಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ದೀರ್ಘಕಾಲ ಅಭ್ಯಸಿಸಿದರು. ಆರು ತಿಂಗಳೊಳಗೆ ಮನೆ ಸೇರಿದವರು ಬಹುಮಟ್ಟಿಗೆ ಇತರ ಮಕ್ಕಳಂತೆಯೇ ಬೆಳೆದರು; ತಡವಾಗಿ ಬಂದವರಲ್ಲಿ ಹಲವರಿಗೆ ತೊಡಕುಗಳು ಉಳಿದವು, ಎಲ್ಲರಿಗೂ ಅಲ್ಲ. ಅಲ್ಲಿನ ದುಃಸ್ಥಿತಿ ಅಸಾಧಾರಣವಾದುದು. ನಮ್ಮ ದತ್ತು ಕೇಂದ್ರಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ತಡವಾಗಿ ಬಂದ ಮಗುವಿಗೆ ಹೆಚ್ಚು ತಾಳ್ಮೆ ಬೇಕೆಂಬುದು ಸ್ಪಷ್ಟ.

ಮೊದಲ ಎರಡು ಮೂರು ತಿಂಗಳು ಉಣಿಸುವುದು, ಮೀಯಿಸುವುದು, ಮಲಗಿಸುವುದು ಇವು ಮೂರನ್ನೂ ತಾಯ್ತಂದೆಯರೇ ಮಾಡಬೇಕು. ಅಜ್ಜಿ, ಅತ್ತೆ, ಚಿಕ್ಕಮ್ಮಂದಿರು ಅಡುಗೆ ಮಾಡಿಕೊಟ್ಟು, ಬಟ್ಟೆ ಒಗೆದು ನೆರವಾಗಲಿ. ತುತ್ತು ಮಾತ್ರ ತಾಯಿ ಅಥವಾ ತಂದೆಯ ಕೈಯಿಂದಲೇ ಹೋಗಲಿ. ಇದನ್ನು ಹೇಳಿದಾಗ ಹಿರಿಯರು ಮುನಿಸಿಕೊಳ್ಳುವುದನ್ನು ನಾವು ಕಂಡಿದ್ದೇವೆ, ಆದರೂ ಹೇಳಲೇಬೇಕು. ತೊಟ್ಟಿಲ ಶಾಸ್ತ್ರ, ಔತಣಗಳನ್ನು ಮುಂದಕ್ಕೆ ಹಾಕಿದರೆ ಹಾನಿಯಿಲ್ಲ. ಮಠಕ್ಕೆ ಕರೆತರುವುದಾದರೂ ಜಾತ್ರೆಯ ಗದ್ದಲದಲ್ಲಿ ಬೇಡ, ಜನವಿರಳವಾದ ಒಂದು ಬೆಳಿಗ್ಗೆ ಸಾಕು.

ಮಗು ಅಲ್ಲಿಂದ ತಂದ ಹಳೆಯ ಹೊದಿಕೆಯನ್ನು ಕೂಡಲೇ ಒಗೆಯಬೇಡಿ; ಆ ವಾಸನೆಯೊಂದೇ ಅದಕ್ಕೆ ಪರಿಚಿತ. ಕೇಂದ್ರದಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೆಲದಿನ ಮುಂದುವರಿಸಿ. ಮಗು ಬೇರೆ ರಾಜ್ಯದ್ದಾದರೆ ನೀರು, ಹಸಿವು, ನಿದ್ದೆ, ಬಾ ಎಂಬಂಥ ಹತ್ತು ಮಾತುಗಳನ್ನು ಅದರ ಭಾಷೆಯಲ್ಲಿ ಕಲಿತಿಡಿ. ಕೆಲವು ಮಕ್ಕಳು ರೊಟ್ಟಿಯ ಚೂರನ್ನು ದಿಂಬಿನಡಿ ಬಚ್ಚಿಡುತ್ತವೆ. ಅದು ಕಳ್ಳತನವಲ್ಲ, ನಾಳೆ ಸಿಕ್ಕೀತೋ ಇಲ್ಲವೋ ಎಂಬ ಭಯ.

ಸ್ಪರ್ಶಕ್ಕೆ ಅಭ್ಯಂಗಕ್ಕಿಂತ ಸುಲಭವಾದ ದಾರಿ ನಮಗೆ ತಿಳಿದಿಲ್ಲ. ಉಗುರುಬೆಚ್ಚಗಿನ ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯನ್ನು ಸ್ನಾನಕ್ಕೆ ಮುಂಚೆ ಮೃದುವಾಗಿ ಸವರಿ. ಮುಟ್ಟಿದರೆ ಮೈ ಬಿಗಿಮಾಡುವ ಮಗುವಾದರೆ ಅಂಗಾಲಿನಿಂದಷ್ಟೇ ಆರಂಭಿಸಿ, ಕಾಲೆಳೆದುಕೊಂಡರೆ ಅಂದಿಗೆ ನಿಲ್ಲಿಸಿ. ಜ್ವರ, ಅಜೀರ್ಣ, ಚರ್ಮರೋಗವಿದ್ದಾಗ ಬೇಡ. ಮೂಗು ಕಿವಿಗಳಿಗೆ ಎಣ್ಣೆ ಹಾಕಬೇಡಿ.

ಅಳುವ, ಉಣ್ಣದ ಮಗುವನ್ನು ರಾಕ್ಷಸ ಪಿಶಾಚಿಗಳ ಹೆಸರೆತ್ತಿ ಹೆದರಿಸಬಾರದೆಂದು ಚರಕಸಂಹಿತೆಯ ಶಾರೀರಸ್ಥಾನ ವಿಧಿಸುತ್ತದೆ. ಗದರಿಸಬಾರದು, ನಿದ್ದೆಯಿಂದ ಥಟ್ಟನೆ ಎಬ್ಬಿಸಬಾರದು ಎಂಬುದು ಸುಶ್ರುತರ ಮಾತು. ನಮ್ಮ ಮನೆಗಳಲ್ಲಿ ಗುಮ್ಮನಿಗಿಂತ ಘೋರವಾದ ಮಾತೊಂದಿದೆ: ‘ಹಟ ಮಾಡಿದರೆ ಅಲ್ಲಿಗೇ ವಾಪಸು ಕಳಿಸುತ್ತೇವೆ.’ ತಮಾಷೆಗೂ ಯಾರೂ ಇದನ್ನು ಆಡಕೂಡದು.

ತಾಯಿಯ ಮನಸ್ಸನ್ನೂ ನೋಡಬೇಕು. ವರ್ಷಗಟ್ಟಲೆ ಕಾದು ಪಡೆದ ಮಗುವಿನ ಮೇಲೆ ತಕ್ಷಣ ಮಮತೆ ಉಕ್ಕದಿದ್ದರೆ ಆಕೆ ತನ್ನನ್ನೇ ಹಳಿದುಕೊಳ್ಳುತ್ತಾಳೆ. ಮಮತೆಯೂ ದಿನನಿತ್ಯದ ಆರೈಕೆಯಿಂದಲೇ ಬೆಳೆಯುತ್ತದೆ. ನಿದ್ದೆಗೇಡು, ಅಳು, ನಿರುತ್ಸಾಹ ಎರಡು ವಾರ ಮೀರಿದರೆ ವೈದ್ಯರನ್ನು ಕಾಣಬೇಕು. ಹೆರದ ತಾಯಿಗೂ ಇಂಥ ಖಿನ್ನತೆ ಬರುತ್ತದೆ.

ದತ್ತು ಸಂಸ್ಥೆಯವರು ಎರಡು ವರ್ಷ, ಆರು ತಿಂಗಳಿಗೊಮ್ಮೆ, ಮಗುವಿನ ಸ್ಥಿತಿಯನ್ನು ವಿಚಾರಿಸುವ ನಿಯಮವಿದೆ. ಅವರು ಬಂದಾಗ ಎಲ್ಲವೂ ಚೆನ್ನಾಗಿದೆಯೆಂದು ಮುಚ್ಚಿಡದೆ ಕಷ್ಟಗಳನ್ನು ಹೇಳಿ. ಹಲವು ತಿಂಗಳು ಕಳೆದರೂ ಬಿದ್ದು ಪೆಟ್ಟಾದಾಗ ಮಗು ನಿಮ್ಮತ್ತ ತಿರುಗದಿದ್ದರೆ, ತೂಕ ಏರದಿದ್ದರೆ, ಮಾತು ಬಾರದಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕ್ಕೆಂದೇ ಪ್ರತ್ಯೇಕ ವಿಭಾಗವಿದೆ.